ಏನೂ ಆಗದಿರಲೆಂದು ಬಿಡುವ ಎಣ್ಣೆ

ಬೈಕು ತೊಳೆದರೆ ಹೊಳೆಯುತ್ತದೆ. ಹೊಸ ಟಯರು ಹಾಕಿಸಿದರೆ ಓಣಿಯವರು ಒಂದು ಸಲ ಬಗ್ಗಿ ನೋಡುತ್ತಾರೆ. ಕ್ಲಚ್ಚು, ಬ್ರೇಕು, ಎಕ್ಸಲೇಟರಿನ ಕೇಬಲ್ಲುಗಳಿಗೆ ಎಣ್ಣೆ ಬಿಟ್ಟರೆ ಮಾತ್ರ ಹೊರಗೆ ಏನೂ ಕಾಣುವುದಿಲ್ಲ. ಆ ಕಪ್ಪು ಕೊಳವೆ ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ. ಎಣ್ಣೆ ಬಿಟ್ಟಿದ್ದಕ್ಕೆ ಫಲ ಏನು ಎಂದು ಯಾರಾದರೂ ಕೇಳಿದರೆ, ಮುಂದಿನ ಆರು ತಿಂಗಳು ಏನೂ ಆಗಲಿಲ್ಲ ಎಂಬುದಷ್ಟೇ ಉತ್ತರ. ಬಿಡದಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲ. ಹಾಗಾದರೆ ಈ ಕೆಲಸಕ್ಕೆ ಬೆಲೆ ಎಲ್ಲಿಂದ ಬರುತ್ತದೆ? ಕಣ್ಣಿಗೆ ಕಾಣದ, ರುಜುವಾತು ಮಾಡಲು ಬಾರದ, ಯಾರೂ ಹೊಗಳದ ಕಾಳಜಿಯನ್ನು ನೈತಿಕ ಕ್ರಿಯೆ ಎನ್ನಬಹುದೇ? ಅಥವಾ ಅದು ಅಚ್ಚುಕಟ್ಟಾಗಿರಬೇಕೆಂಬ ಒಂದು ಚಟವೇ?

ರಾಣೆಬೆನ್ನೂರಿನಲ್ಲಿ ಕುಳಿತು ಯೋಚಿಸಿದರೆ ಈ ಪ್ರಶ್ನೆ ಪುಸ್ತಕದ್ದು ಅನಿಸುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48 ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಬೀಜದ ಅಂಗಡಿಗೆ, ಎಪಿಎಂಸಿಗೆ, ಹೊಲಕ್ಕೆ, ಕಾಲೇಜಿಗೆ, ದವಾಖಾನೆಗೆ ಜನ ಹೋಗುವುದು ನೂರು ಸಿಸಿ ಬೈಕಿನ ಮೇಲೆ, ಇಲ್ಲವೇ ಚೀಲ ಹೇರಿಕೊಂಡ ಟಿವಿಎಸ್ ಎಕ್ಸೆಲ್ ಮೇಲೆ. ಬೇಸಿಗೆಯಲ್ಲಿ ಎರೆಹೊಲದ ದೂಳು, ಗೋವಿನಜೋಳ ಒಕ್ಕುವ ದಿನಗಳಲ್ಲಿ ಅದರ ಹೊಟ್ಟು, ಮಳೆಗಾಲದಲ್ಲಿ ಅಂಟು ಕೆಸರು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ತಿರುಗಿದರೆ ಸುಗ್ಗಿಯಲ್ಲಿ ಗಾಳಿಗೇ ಮೆಣಸಿನಕಾಯಿ ಘಾಟು. ಇದೆಲ್ಲವೂ ಲಿವರಿನ ಸಂದಿಯಿಂದ ಕೇಬಲ್ಲಿನೊಳಗೆ ಹೋಗಿ ಕೂರುತ್ತದೆ.

ಕೇಬಲ್ ಎಂಬುದು ಸರಳ ಯುಕ್ತಿ. ಉಕ್ಕಿನ ಸಣ್ಣ ಎಳೆಗಳನ್ನು ಹೊಸೆದ ಒಂದು ಒಳತಂತಿ. ಅದನ್ನು ಸುತ್ತುವರಿದು, ಸುರುಳಿ ಸುತ್ತಿದ ತಂತಿಯ ಒಂದು ಕೊಳವೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಒಳತಂತಿ ಎಳೆಯುತ್ತದೆ, ಹೊರಕೊಳವೆ ಒತ್ತಡ ತಡೆದುಕೊಳ್ಳುತ್ತದೆ. ಹೀಗಾಗಿ ಬಾಗಿದ ದಾರಿಯಲ್ಲೂ ಎಳೆತ ನೆಟ್ಟಗೆ ಸಾಗುತ್ತದೆ. 1896ರಲ್ಲಿ ಇದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದವನು ಅರ್ನೆಸ್ಟ್ ಮೊನಿಂಗ್ಟನ್ ಬೌಡನ್. ಅದಕ್ಕೇ ಇಂಗ್ಲಿಷಿನಲ್ಲಿ ಇಂದಿಗೂ ಅದು ಬೌಡನ್ ಕೇಬಲ್. ಸೈಕಲ್ಲಿನ ಬ್ರೇಕಿನಿಂದ ವಿಮಾನದವರೆಗೆ ಹೋಗಿಬಂದ ಈ ವಸ್ತು, ನಮ್ಮೂರ ಬಿಡಿಭಾಗದ ಅಂಗಡಿಯಲ್ಲಿ ಗೋಡೆಯ ಮೊಳೆಗೆ ಸಿಂಬೆ ಸುತ್ತಿ ನೇತಾಡುತ್ತಿರುತ್ತದೆ.

ಎಣ್ಣೆ ಬಿಡುವ ಕ್ರಮವೂ ಸರಳ. ಲಿವರಿನ ಬಳಿಯ ಚೆಕ್‌ನಟ್ ಸಡಿಲಿಸಿ, ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ, ಎರಡರ ಸೀಳು ಒಂದೇ ಸಾಲಿಗೆ ಬಂದಾಗ ತಂತಿಯ ತುದಿಯ ನಿಪ್ಪಲನ್ನು ಹೊರತೆಗೆಯಬೇಕು. ಮೊದಲು ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ನಿಪ್ಪಲಿನ ಬುಡದಲ್ಲಿ ಒಂದು ಎಳೆ ಕಿತ್ತಿದ್ದರೂ ಎಣ್ಣೆಯಿಂದ ಪ್ರಯೋಜನವಿಲ್ಲ, ಕೇಬಲ್ಲನ್ನೇ ಬದಲಿಸಬೇಕು. ಎಳೆಗಳು ಸರಿ ಇದ್ದರೆ ಕೇಬಲ್ಲಿನ ಬಾಯಿಯನ್ನು ಮೇಲ್ಮುಖ ಮಾಡಿ, ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಆಲಿಕೆಯ ಹಾಗೆ ಅದಕ್ಕೆ ಸಿಕ್ಕಿಸಿ, ರಬ್ಬರ್ ಬ್ಯಾಂಡಿನಿಂದ ಬಿಗಿದು, ಒಂದು ಚಮಚೆ ತೆಳು ಎಣ್ಣೆ ಹುಯ್ದು ಕಾಯಬೇಕು. ನಡುನಡುವೆ ತಂತಿಯನ್ನು ಮೇಲೆ ಕೆಳಗೆ ಆಡಿಸಬೇಕು. ಮೊದಲು ಕೆಳಗಿನ ತುದಿಯಿಂದ ಕಪ್ಪು ನೀರಿನಂಥ ಕೊಳೆ ಇಳಿಯುತ್ತದೆ, ಆಮೇಲೆ ತಿಳಿ ಎಣ್ಣೆ ಬರುತ್ತದೆ. ಮರಳಿ ಜೋಡಿಸುವಾಗ ಕೈಪಿಡಿ ಹೇಳಿದಷ್ಟು ಸಡಿಲ ಬಿಡಬೇಕು. ಸಾಮಾನ್ಯ ನೂರು ಸಿಸಿ ಬೈಕಿನಲ್ಲಿ ಕ್ಲಚ್ ಲಿವರಿನ ತುದಿಗೆ ಅದು ಸುಮಾರು 10ರಿಂದ 20 ಮಿಲಿಮೀಟರ್. ಕೊನೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ರೇಸ್ ತಾನಾಗಿ ಏರುವುದಿಲ್ಲ, ಹಿಡಿ ಬಿಟ್ಟೊಡನೆ ಎಕ್ಸಲೇಟರು ತಟ್ಟನೆ ಹಿಂದಿರುಗುತ್ತದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಷ್ಟೆ.

ಅಂಗಳದಲ್ಲಿ ಈ ಕೆಲಸಕ್ಕೆ ಕುಳಿತಾಗ ಪಕ್ಕದ ಮನೆಯ ಹಿರಿಯರೊಬ್ಬರು ಒಮ್ಮೆ ಕೇಳಿದ್ದರು: "ಏನ ತಮ್ಮಾ, ಗಾಡಿ ಚಲೋ ಓಡಾಕತ್ತೈತಲ್ಲ, ಯಾಕ ಬಿಚ್ಚಿಕೊಂಡು ಕುಂತಿ?" ಚಲೋ ಓಡುವಾಗಲೇ ಬಿಚ್ಚಬೇಕ್ರಿ ಕಾಕಾ ಅಂದೆ. ಅವರು ನಕ್ಕರು. ಆದರೆ ಅವರ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವುದಕ್ಕೆ ಕಾರಣ ಎದುರಿಗೇ ಇರುತ್ತದೆ. ಕೆಡದೇ ಇರುವುದಕ್ಕೆ ದುಡಿಯುವವನು ಕಾರಣವನ್ನು ಎಲ್ಲಿಂದ ತಂದು ತೋರಿಸಬೇಕು?

ಚಲೋ ಓಡುತ್ತಿದೆ ಎಂಬ ಮಾತನ್ನೇ ಸ್ವಲ್ಪ ತೂಗಿ ನೋಡೋಣ. ಬಾಗಿದ ಕೊಳವೆಯಲ್ಲಿ ಎಳೆಯುವ ತಂತಿಗೆ ಒಂದು ಲೆಕ್ಕವಿದೆ. ಬಾಗು ಹೆಚ್ಚಿದಂತೆ, ಘರ್ಷಣೆ ಹೆಚ್ಚಿದಂತೆ, ಬೇಕಾದ ಬಲ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಎಲ್ಲ ತಿರುವುಗಳನ್ನೂ ಸೇರಿಸಿದರೆ ಅರ್ಧ ಸುತ್ತಾಗುವ ಕೇಬಲ್ಲಿನಲ್ಲಿ ಘರ್ಷಣಾಂಕ 0.1 ಇದ್ದರೆ, ಆ ತುದಿಯಲ್ಲಿ ಬೇಕಾದ ಬಲದ ಸುಮಾರು 1.4 ಪಟ್ಟು ಈ ತುದಿಯಲ್ಲಿ ಎಳೆಯಬೇಕು. ಘರ್ಷಣಾಂಕ 0.2 ಆದರೆ ಸುಮಾರು 1.9 ಪಟ್ಟು. ಈ ವ್ಯತ್ಯಾಸ ಒಂದೇ ದಿನ ಬಂದರೆ ಯಾರಿಗಾದರೂ ತಿಳಿಯುತ್ತದೆ. ಅದು ಬರುವುದು ತಿಂಗಳುಗಳಲ್ಲಿ. ಕೈ ದಿನದಿನಕ್ಕೂ ಒಂದಿಷ್ಟು ಹೊಂದಿಕೊಳ್ಳುತ್ತದೆ. ಗೆಳೆಯನ ಬೈಕು ಹತ್ತಿದಾಗ ಮಾತ್ರ, ಅರೆ, ಇದು ಎಷ್ಟು ಹಗುರ ಅನಿಸುತ್ತದೆ. ನಿರ್ಲಕ್ಷ್ಯದ ಸ್ವಭಾವವೇ ಇದು. ನಾನು ನಿರ್ಲಕ್ಷಿಸುತ್ತಿದ್ದೇನೆ ಎಂದು ಅದು ಒಂದು ದಿನವೂ ಹೇಳುವುದಿಲ್ಲ. ಸಂಬಂಧಗಳಲ್ಲೂ ಸಂಸ್ಥೆಗಳಲ್ಲೂ ಹೀಗೆಯೇ ಆಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಈ ನಿರ್ಲಕ್ಷ್ಯದ ಭಾರ ಯಾರ ಮೇಲೆ ಬೀಳುತ್ತದೆ? ಇಲ್ಲಿ ಕೇಬಲ್ಲಿನಿಂದ ಕೇಬಲ್ಲಿಗೆ ಉತ್ತರ ಬೇರೆ. ಕ್ಲಚ್ ಕೇಬಲ್ ಒಣಗಿದರೆ ನೋಯುವುದು ನನ್ನ ಎಡಗೈ. ಅದು ಹರಿದರೆ ನಾನು ಬೈಕು ನೂಕಿಕೊಂಡು ಹೋಗುತ್ತೇನೆ. ಅಲ್ಲಿಗೆ ಅದು ನನ್ನ ಸ್ವಂತ ವ್ಯವಹಾರ, ಬೇಕಾದರೆ ಸೋಮಾರಿತನ ಎನ್ನಿ. ಸ್ಪೀಡೋಮೀಟರಿನ ಕೇಬಲ್ ಒಣಗಿದರೆ ಮುಳ್ಳು ನಡುಗುತ್ತದೆ, ವೇಗದ ಬಗ್ಗೆ ನನಗೆ ಸುಳ್ಳು ಹೇಳುತ್ತದೆ. ರೇಸ್ ಕೇಬಲ್ ಸಿಕ್ಕಿಕೊಂಡರೆ ನನ್ನ ಜೀವದ ಜೊತೆಗೆ ಹಿಂದೆ ಕುಳಿತವರದ್ದೂ ಹೋಗಬಹುದು. ಮುಂದಿನ ಬ್ರೇಕಿನ ಕೇಬಲ್ ಮಾತ್ರ ಬಹುಪಾಲು ನನ್ನದಲ್ಲವೇ ಅಲ್ಲ. ನಮ್ಮ ಅಗ್ಗದ ಬೈಕುಗಳಲ್ಲಿ ಹಿಂದಿನ ಡ್ರಮ್ ಬ್ರೇಕಿಗೆ ಕಬ್ಬಿಣದ ಸರಳು, ಮುಂದಿನದಕ್ಕೆ ಕೇಬಲ್. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನದಕ್ಕೆ. ಬಸ್‌ಸ್ಟ್ಯಾಂಡಿನ ಎದುರು ಮಗುವಿನ ಕೈ ಹಿಡಿದು ರಸ್ತೆ ದಾಟುವ ಹೆಂಗಸು ಆ ಕೇಬಲ್ಲಿನ ನಿಜವಾದ ಬಳಕೆದಾರಳು. ಅದು ಇದೆ ಎಂಬುದೂ ಅವಳಿಗೆ ಗೊತ್ತಿಲ್ಲ.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಹೆಂಗಸು, ಈ ಮಗು ಪರಿಚಿತರು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ ಎಂಬ ಇಬ್ಬರು ಚಿಂತಕರು 'ನೈತಿಕ ಅದೃಷ್ಟ' ಎಂಬ ವಿಷಯದ ಮೇಲೆ ಎದುರುಬದುರಾಗಿ ಪ್ರಬಂಧ ಮಂಡಿಸಿದರು. ನಾಗೆಲ್ ಕೊಟ್ಟ ಉದಾಹರಣೆಗಳಲ್ಲಿ ಒಂದು ಬ್ರೇಕಿನದ್ದೇ. ಬ್ರೇಕು ಪರೀಕ್ಷಿಸದೆ ವಾಹನ ಓಡಿಸುವ ಒಬ್ಬನ ಎದುರಿಗೆ ಮಗು ಓಡಿಬರುತ್ತದೆ, ಸಾಯುತ್ತದೆ. ಅಷ್ಟೇ ನಿರ್ಲಕ್ಷ್ಯ ತೋರಿದ ಇನ್ನೊಬ್ಬನ ಎದುರಿಗೆ ಯಾವ ಮಗುವೂ ಬರುವುದಿಲ್ಲ. ಮೊದಲಿನವನು ಜೀವನಪೂರ್ತಿ ಹೊರುವ ತಪ್ಪನ್ನು ಎರಡನೆಯವನು ಹೊರುವುದೇ ಇಲ್ಲ. ಇಬ್ಬರೂ ಮಾಡಿದ್ದು ಒಂದೇ, ಬೇರೆಯಾದದ್ದು ಮಗುವಿನ ಹೆಜ್ಜೆ. ಒಬ್ಬನ ಕೈಯಲ್ಲಿಲ್ಲದ ಸಂಗತಿಯಿಂದ ಅವನ ತಪ್ಪಿನ ತೂಕ ಹೇಗೆ ಬದಲಾಗುತ್ತದೆ ಎಂಬುದು ನಾಗೆಲ್‌ನ ಸಮಸ್ಯೆ.

ನಮ್ಮ ಕಾನೂನು ಈ ಸಮಸ್ಯೆಯನ್ನು ಬಿಡಿಸಿಲ್ಲ, ಅದಕ್ಕೆ ದರ ನಿಗದಿ ಮಾಡಿದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು, ತನಗೆ ಗೊತ್ತಿರುವ ಅಥವಾ ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಓಡಿಸುವುದೇ ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ 1,500 ರೂಪಾಯಿ ದಂಡ. ಅದೇ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ, ಆಸ್ತಿಗೆ ಹಾನಿಯಾದರೆ, ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ನಡುವಿನ ಅಂತರ ಪೂರ್ತಿ ಅದೃಷ್ಟದ್ದು. ಕಾನೂನಿಗೆ ಅದು ಅನಿವಾರ್ಯವಿರಬಹುದು, ನಡೆದದ್ದನ್ನು ಬಿಟ್ಟು ಬೇರೇನನ್ನು ಹಿಡಿದು ಅದು ತೀರ್ಪು ಕೊಡಬೇಕು? ಆದರೆ ಆ ಕಲಮಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ದಂಡದ ಮೊತ್ತವಲ್ಲ, 'ಸಾಮಾನ್ಯ ಎಚ್ಚರ' ಎಂಬ ಎರಡು ಪದ. ಗೊತ್ತಿರಲಿಲ್ಲ ಎಂದರೆ ಸಾಲದು, ಗೊತ್ತುಮಾಡಿಕೊಳ್ಳಬಹುದಿತ್ತೇ ಎಂದು ಅದು ಕೇಳುತ್ತದೆ.

ನಾಗೆಲ್‌ನ ಉದಾಹರಣೆಯಲ್ಲಿ ಇಬ್ಬರೂ ನಿರ್ಲಕ್ಷ್ಯದವರು. ಅದರ ಪಕ್ಕದಲ್ಲಿ ಮೂರನೆಯವನೊಬ್ಬನನ್ನು ನಿಲ್ಲಿಸಿ ನೋಡಬೇಕು ಅನಿಸುತ್ತದೆ. ಇವನು ಭಾನುವಾರ ಕುಳಿತು ಕೇಬಲ್ ನೋಡಿದ, ಎಣ್ಣೆ ಬಿಟ್ಟ, ನಿಪ್ಪಲಿನ ಬುಡ ಪರೀಕ್ಷಿಸಿದ. ಬುಧವಾರ ಮಗು ಅಡ್ಡ ಬಂತು, ಬ್ರೇಕು ಹಿಡಿಯಿತು, ಮಗು ಓಡಿಹೋಯಿತು. ಇದು ಸುದ್ದಿಯಲ್ಲ. ಅವನಿಗೇ ಸಂಜೆಯವರೆಗೆ ನೆನಪಿರುವುದಿಲ್ಲ. ಭಾನುವಾರದ ಎಣ್ಣೆಯಿಂದಲೇ ಮಗು ಉಳಿಯಿತೆಂದು ಹೇಳಲು ಅವನ ಬಳಿ ಪುರಾವೆಯೂ ಇಲ್ಲ. ಕೆಟ್ಟ ಅದೃಷ್ಟ ತಪ್ಪನ್ನು ದೊಡ್ಡದಾಗಿ ತೋರಿಸುತ್ತದೆ, ಒಳ್ಳೆಯ ಎಚ್ಚರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಫಲವನ್ನು ನೋಡಿ ಬೆಲೆ ಕಟ್ಟುವ ಯಾವ ನೀತಿಯೂ ಈ ಮೂರನೆಯವನನ್ನು ಗುರುತಿಸಲಾರದು.

ಆದ್ದರಿಂದ ಬೆಲೆಯನ್ನು ಬೇರೆ ಕಡೆ ಹುಡುಕಬೇಕು. ರಸ್ತೆ ದಾಟುವ ಹೆಂಗಸು ಮೊದಲ ಹೆಜ್ಜೆ ಇಡುವಾಗ ಒಂದು ಲೆಕ್ಕ ಹಾಕಿರುತ್ತಾಳೆ. ಬೈಕು ಇಷ್ಟು ದೂರದಲ್ಲಿದೆ, ಅವನು ನನ್ನನ್ನು ನೋಡಿದ್ದಾನೆ, ನಿಲ್ಲಿಸುತ್ತಾನೆ. ಆ ಲೆಕ್ಕದೊಳಗೆ ನನ್ನ ಬ್ರೇಕಿನ ಕೇಬಲ್ ಸೇರಿದೆ. ಅಂದರೆ ಅವಳು ನನ್ನನ್ನು ನಂಬಿ ಆಗಲೇ ಕಾಲು ಮುಂದಿಟ್ಟಾಗಿದೆ. ನಾನು ಕೇಳದೆ ಸಿಕ್ಕ ನಂಬಿಕೆ ಅದು, ಒಂದು ಬಗೆಯ ಕೈಸಾಲ. ಭಾನುವಾರದ ಆ ಚಮಚೆ ಎಣ್ಣೆ ಉಪಕಾರವಲ್ಲ, ಸಾಲದ ಕಂತು. ಹೀಗೆ ನೋಡಿದರೆ 'ಏನೂ ಆಗಲಿಲ್ಲ' ಎಂಬುದು ಫಲ ಇಲ್ಲದಿರುವುದಲ್ಲ. ಏನೂ ಆಗದಿರುವುದನ್ನೇ ಅವಳು ನನ್ನಿಂದ ಕೇಳಿದ್ದು. ಅದು ಸಂದಾಯವಾಯಿತು. ಸಾಲ ತೀರಿಸಿದವನಿಗೆ ಯಾರೂ ಹಾರ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಯಂತ್ರ ಬರುವ ಮುಂಚಿನಿಂದಲೂ ನಮ್ಮ ಸೀಮೆಯ ಜನಕ್ಕೆ ಇದು ಗೊತ್ತಿತ್ತು. ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ನೆನೆಯಿರಿ. ಅಚ್ಚು ಒಣಗಿದರೆ ಬಂಡಿ ನಿಲ್ಲುವುದಿಲ್ಲ, ಕಿರುಗುಡುತ್ತಾ ಹೋಗುತ್ತಲೇ ಇರುತ್ತದೆ. ಹೆಚ್ಚಿನ ಭಾರ ಎತ್ತಿನ ಹೆಗಲಿಗೆ ಬೀಳುತ್ತದೆ, ಮೇಲೆ ಕುಳಿತವನಿಗೆ ಏನೂ ಆಗುವುದಿಲ್ಲ. ಕೀಲೆಣ್ಣೆ ಹಾಕದ ಒಕ್ಕಲಿಗನನ್ನು ಊರು ಸೋಮಾರಿ ಎಂದು ಬೈದರೆ, ಅದರಲ್ಲಿ ಎತ್ತಿನ ಪರವಾದ ಮಾತೂ ಸೇರಿರುತ್ತದೆ. ಒಂದು ವ್ಯತ್ಯಾಸವೂ ಇದೆ. ಬಂಡಿಯ ಅಚ್ಚು ಕೂಗಿ ಹೇಳುತ್ತಿತ್ತು, ಕೇಬಲ್ ಹೇಳುವುದಿಲ್ಲ. ಎತ್ತು ಕಣ್ಣೆದುರಿಗಿತ್ತು, ರಸ್ತೆ ದಾಟುವ ಹೆಂಗಸು ಇನ್ನೂ ಬಂದಿಲ್ಲ. ಯಂತ್ರ ಮೌನವಾದಷ್ಟೂ ಕಲ್ಪನೆಯ ಕೆಲಸ ಹೆಚ್ಚುತ್ತದೆ.

ಮಹಾನವಮಿಯ ಖಂಡೇಪೂಜೆಯ ದಿನ ನಮ್ಮ ಓಣಿಯ ಎಲ್ಲ ಬೈಕುಗಳೂ ಮೈತೊಳೆದು ನಿಲ್ಲುತ್ತವೆ. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಟ್ಯಾಂಕಿಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಇದನ್ನು ಹಿಡಿದು, ಪೂಜೆಗಿಂತ ಎಣ್ಣೆ ಮೇಲು ಎಂದು ಅಣಕಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ದುಡಿಯುವ ಸಾಮಾನಿಗೂ ನಾವು ಋಣಿಗಳು ಎಂದು ವರ್ಷಕ್ಕೊಮ್ಮೆ ಎಲ್ಲರೆದುರು ಒಪ್ಪಿಕೊಳ್ಳುವ ದಿನ ಅದು, ಸಣ್ಣ ಮಾತಲ್ಲ. ಆದರೆ ಹೂವಿನ ಮಾಲೆ ಕಾಣುತ್ತದೆ, ಅದಕ್ಕೆ ಸಾಕ್ಷಿಗಳಿದ್ದಾರೆ. ಒಳತಂತಿಯ ಎಣ್ಣೆಗೆ ಸಾಕ್ಷಿಯಿಲ್ಲ. ಹಬ್ಬದ ದಿನ ಆಡಿದ ಮಾತನ್ನು ಉಳಿದ ದಿನಗಳಲ್ಲಿ ನಡೆಸಿಕೊಡುವುದು ಈ ಸಾಕ್ಷಿಯಿಲ್ಲದ ಕೆಲಸವೇ.

ರಾಣೆಬೆನ್ನೂರು ತಾಲ್ಲೂಕಿನಲ್ಲೇ, ತುಂಗಭದ್ರೆಯ ದಡದಲ್ಲಿ ಚೌಡಯ್ಯದಾನಪುರವಿದೆ. ಮುಕ್ತೇಶ್ವರ ದೇವಾಲಯಕ್ಕೆ ಹೆಸರಾದ ಊರು, ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಬೆಸೆದುಕೊಂಡ ಊರು. ಉಳಿದ ಅನೇಕ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಚೌಡಯ್ಯ ತನ್ನ ಕಸುಬಿನೊಂದಿಗೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನ ಕೆಲಸವನ್ನು ಯೋಚಿಸಿದರೆ ಆ ಅಂಕಿತದ ಭಾರ ತಿಳಿಯುತ್ತದೆ. ಹತ್ತುವವರಿಗೆ ದೋಣಿಯ ತಳ ಕಾಣುವುದಿಲ್ಲ, ಕೇಳುವ ವ್ಯವಧಾನವೂ ಇರುವುದಿಲ್ಲ. ಅವರು ಅಂಬಿಗನ ಮುಖ ನೋಡಿ ಹತ್ತುತ್ತಾರೆ. ತಳ ಸೋರುವುದಿಲ್ಲ ಎಂಬ ಮಾತಿಗೆ ಅವನ ಹೆಸರೇ ಜಾಮೀನು. ಕಾಯಕ ಎಂಬ ಪದವನ್ನು ನಾವು ದುಡಿಮೆ ಎಂದಷ್ಟೇ ಓದುವುದುಂಟು. ಇನ್ನೊಬ್ಬರು ಪರೀಕ್ಷಿಸಲಾಗದ ಕಡೆ ಸರಿಯಾಗಿರುವುದು ಎಂದೂ ಅದನ್ನು ಓದಬಹುದು.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಮೊದಲನೆಯದು ಬಿಡುವಿನದ್ದು. ಸಂಶೋಧನಾ ವಿದ್ಯಾರ್ಥಿಗೆ ಭಾನುವಾರವಿದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ರಾತ್ರಿ ಊರಿಗೆ ಮರಳುವ ಹಮಾಲನಿಗೆ ಇದೆಯೇ? ಬಿಡುವಿದ್ದವರ ನೀತಿಯನ್ನು ಬಿಡುವಿಲ್ಲದವರ ಮೇಲೆ ಹೇರುವುದು ಅನ್ಯಾಯ. ಆದರೆ ಅವನು ಮಾಡುತ್ತಿಲ್ಲ ಎಂಬುದರಿಂದ ರಸ್ತೆ ದಾಟುವವಳ ನಂಬಿಕೆ ಕಡಿಮೆಯಾಗುವುದಿಲ್ಲ, ಸಾಲ ತೀರಿಸುವವರ ಸಂಖ್ಯೆ ಹೆಚ್ಚಾಗಬೇಕಾಗುತ್ತದೆ ಅಷ್ಟೆ. ಕೈಪಿಡಿಯನ್ನು ಕನ್ನಡದಲ್ಲಿ ಕೊಡುವ ತಯಾರಕ, ಪಂಕ್ಚರ್ ತಿದ್ದುವಾಗ ಕೇಬಲ್ಲಿನ ತುದಿ ನೋಡಿ "ಅಣ್ಣಾ, ಇದನ್ನ ಬದಲಿಸ್ರಿ" ಎನ್ನುವ ಗ್ಯಾರೇಜಿನ ಹುಡುಗ, ಮಗಳಿಗೆ ಬೈಕು ಕಲಿಸುವಾಗ ಇದನ್ನೂ ಕಲಿಸುವ ತಂದೆ, ಇವರೆಲ್ಲ ಪಾಲುದಾರರು. ಮನೆಯಲ್ಲಿ ಮಾಡಿಕೊಂಡರೆ ಗ್ಯಾರೇಜಿನವನ ಹೊಟ್ಟೆಯ ಮೇಲೆ ಹೊಡೆದಂತೆ ಎನ್ನುವವರೂ ಇದ್ದಾರೆ. ನಾನು ಕಂಡಂತೆ, ಕೇಬಲ್ ಬಿಚ್ಚಿ ನೋಡಿದವನು ಮೇಸ್ತ್ರಿಯ ಕೆಲಸಕ್ಕೆ ಹೆಚ್ಚು ಬೆಲೆ ಕೊಡುತ್ತಾನೆ, ಕೂಲಿಯಲ್ಲಿ ಚೌಕಾಸಿ ಮಾಡುವುದು ಕಡಿಮೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕಾಳಜಿ ಎಂಬುದು ಯಾವಾಗಲೂ ಒಳ್ಳೆಯದೇ? ಈಚಿನ ಎಷ್ಟೋ ಕೇಬಲ್ಲುಗಳ ಒಳಗೆ ನೈಲಾನ್ ಅಥವಾ ಟೆಫ್ಲಾನಿನ ಪದರವಿರುತ್ತದೆ. ಅಂಥವಕ್ಕೆ ಎಣ್ಣೆ ಬೇಡ ಎಂದು ತಯಾರಕರೇ ಹೇಳುವುದುಂಟು, ಬಿಟ್ಟ ಎಣ್ಣೆ ದೂಳನ್ನು ಹಿಡಿದು ಅಂಟಾಗುತ್ತದೆ. ದಪ್ಪ ಗ್ರೀಸು ತುರುಕಿದರೂ ಅದೇ ಕಥೆ. ತುಕ್ಕು ಬಿಡಿಸುವ ತೆಳು ಸ್ಪ್ರೇ ನೀರನ್ನು ಓಡಿಸುತ್ತದೆ, ಆದರೆ ಬಹುಕಾಲ ನಿಲ್ಲುವುದಿಲ್ಲ. ಅಂದರೆ ಪ್ರೀತಿಯಿಂದ ಎಣ್ಣೆ ಹುಯ್ದ ಮಾತ್ರಕ್ಕೆ ಕೆಲಸ ಸರಿಯಾಗದು. ಎದುರಿನದು ಏನು, ಅದಕ್ಕೆ ಬೇಕಾದದ್ದು ಏನು ಎಂದು ಕೇಳಿ ತಿಳಿಯದ ಕಾಳಜಿ, ಮಾಡುವವನ ಮನಸ್ಸಿನ ಸಮಾಧಾನಕ್ಕೆ ಮಾತ್ರ ಒದಗುತ್ತದೆ. ಉಣ್ಣಲಾರದವರಿಗೆ ಒತ್ತಾಯ ಮಾಡಿ ಬಡಿಸುವ ಹಾಗೆ. ಆದ್ದರಿಂದ ನಾನು ಹೇಳುತ್ತಿರುವ ಸಾಲದಲ್ಲಿ ತಿಳಿವಳಿಕೆಯೂ ಒಂದು ಕಂತು. ಕಾನೂನಿನ 'ಸಾಮಾನ್ಯ ಎಚ್ಚರ' ಇಲ್ಲಿ ಒಂದು ಮಿತಿಯನ್ನೂ ಹಾಕಿಕೊಡುತ್ತದೆ. ನಾನು ಲೋಹಶಾಸ್ತ್ರಜ್ಞನಾಗಬೇಕಿಲ್ಲ. ಕಣ್ಣಿಗೆ ಕಾಣುವುದನ್ನು ಕಾಣಬೇಕು, ಕೈಗೆ ತಿಳಿಯುವುದನ್ನು ತಿಳಿಯಬೇಕು, ಕೈಪಿಡಿ ಓದಬೇಕು.

ಇಂಥ ಎಚ್ಚರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿ ಮೂರು ದಶಕವಾಗುತ್ತ ಬಂದರೂ ಆ ಬೈಕುಗಳು ಇಂದಿಗೂ ರಸ್ತೆಯಲ್ಲಿ ಗುಡುಗುತ್ತವೆ. ಅವನ್ನು ಹುಟ್ಟಿಸಿದ ಕಂಪನಿ ಅವನ್ನು ಉಳಿಸಲಿಲ್ಲ, ಅಂಗಳದಲ್ಲಿ ಕುಳಿತು ಎಣ್ಣೆ ಬಿಟ್ಟವರು, ಹಳೆಯ ಮೇಸ್ತ್ರಿಗಳು ಉಳಿಸಿದರು. ಕಟ್ಟಿದವರ ಹೆಸರು ಟ್ಯಾಂಕಿನ ಮೇಲಿದೆ, ಕಾಪಾಡಿದವರ ಹೆಸರು ಎಲ್ಲೂ ಇಲ್ಲ.

ಮುಂದೆ ಈ ಕೇಬಲ್ಲುಗಳೇ ಇರುವುದಿಲ್ಲವೇನೋ. ಕೆಲವು ಬೈಕುಗಳಲ್ಲಿ ಈಗಾಗಲೇ ಎಕ್ಸಲೇಟರಿಗೆ ತಂತಿಯ ಬದಲು ಸೆನ್ಸರ್ ಬಂದಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಆದರೂ ಸಾಕೆಂದಾಯಿತು. ವಿಚಿತ್ರವೆಂದರೆ ಡ್ರಮ್ ಬ್ರೇಕಿನ ಸಣ್ಣ ಬೈಕಿನಲ್ಲಿ ಸಿಬಿಎಸ್ ಎಂದರೆ ಸಾಮಾನ್ಯವಾಗಿ ಇನ್ನೊಂದು ಕೇಬಲ್. ಸುರಕ್ಷತೆಗೆಂದು ಬಂದ ವ್ಯವಸ್ಥೆಯೂ ಯಾರೋ ಒಬ್ಬರು ನೋಡಿಕೊಳ್ಳಲಿ ಎಂದು ಕೈಯೊಡ್ಡುತ್ತದೆ. ತಂತಿಯ ಜಾಗದಲ್ಲಿ ತಂತ್ರಾಂಶ ಬಂದರೂ ಅಷ್ಟೆ. ಆಗ ನೋಡಿಕೊಳ್ಳುವವರು ನಮ್ಮ ಅಂಗಳದಲ್ಲಿರುವುದಿಲ್ಲ, ದೂರದ ಕಚೇರಿಯಲ್ಲಿರುತ್ತಾರೆ, ಅವರ ನಿಪ್ಪಲಿನ ಬುಡವನ್ನು ನಾವು ಬೆಳಕಿಗೆ ಹಿಡಿದು ನೋಡಲಾರೆವು. ನನ್ನ ಮಟ್ಟಿಗೆ ಅದು ಬಿಡುಗಡೆಯಂತೆ ಕಾಣುವುದಿಲ್ಲ. ಸಾಲ ತೀರಿಸುವ ದಾರಿ ನನ್ನ ಕೈತಪ್ಪಿದಂತೆ ಕಾಣುತ್ತದೆ.

ಅಲ್ಲಿಯವರೆಗೆ ಕೇಬಲ್ ಇದೆ. ಒಂದು ಚಮಚೆ ಎಣ್ಣೆ, ಪ್ಲಾಸ್ಟಿಕ್ ಚೀಲದ ಒಂದು ಮೂಲೆ, ಮುಕ್ಕಾಲು ಗಂಟೆ. ತಂತಿಯ ಒಂದು ತುದಿ ನನ್ನ ಬೆರಳಿಗೆ ಕಟ್ಟಿದೆ, ಇನ್ನೊಂದು ತುದಿ ಚಕ್ರದಲ್ಲಿ ಮುಗಿಯುತ್ತದೆ ಎಂದು ಕೈಪಿಡಿಯ ಚಿತ್ರ ತೋರಿಸುತ್ತದೆ. ಅದು ಅಲ್ಲಿಗೇ ಮುಗಿಯುವುದಿಲ್ಲ. ನನಗೆ ಗುರುತಿಲ್ಲದ ಒಬ್ಬರು ರಸ್ತೆಗೆ ಇಡುವ ಹೆಜ್ಜೆಯವರೆಗೂ ಹೋಗುತ್ತದೆ.